ದುರ್ಬೀನಿನ ಮೇಲೆ ಬೀರಲಿಂಗಪ್ಪನ ಹೆಸರು

ನಾನು ಕೊರೆದ ಅಕ್ಷರಕ್ಕೆ ಆ ಸಂಗ್ರಹಾಲಯದ ಮೇಡಮ್ಮರು ‘ಗೀರು’ ಅಂದರು. ಎರಡು ವರ್ಷ ಆಗುತ್ತ ಬಂತು, ಇನ್ನೂ ಆ ಸಿಟ್ಟು ಆರಿಲ್ಲ. ಹುಬ್ಬಳ್ಳಿಯಲ್ಲಿ ಯಾರ ಮನೆಗೆ ಬೇಕಾದರೂ ಹೋಗಿ ಒಂದು ಕೊಡ ಇಳಿಸಿ ನೋಡಿರಿ. ‘ಇಂಥವರಿಂದ ಉಡುಗೊರೆ’ ಎಂದು ದುಂಡಗೆ, ಸಾಲು ತಪ್ಪದೆ ಬರೆದಿದ್ದರೆ ಅದು ಬಹಳ ಮಾಡಿ ನನ್ನ ಕೈಯದೇ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟೆ, ಅಕ್ಷರ ಬಿಡಲಿಲ್ಲ. ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಕೂತು ಹೆಸರು ಹಾಕುವುದೇ ನನ್ನ ಹೊಟ್ಟೆಪಾಡು.

ಅದಿರಲಿ. ಹೇಳಬೇಕಾದ್ದು ಕಮರಿಪೇಟೆಯ ನೀಲಕಂಠಪ್ಪನವರ ಸಂಗತಿ.

ಅವರದು ಹತ್ತಿ ದಲಾಲಿಯ ಮನೆತನ. ಧಂದೆ ಮುಳುಗಿದ ಮೇಲೆ ಮುಚ್ಚಿದ ಅಂಗಡಿಯ ಹಿಂದಿನ ಖೋಲಿಯಲ್ಲಿ ಒಬ್ಬರೇ ಇದ್ದರು. ಮದುವೆ ಆಗಿರಲಿಲ್ಲ. ಹತ್ತಿಯ ಧೂಳು ಕುಡಿದು ಎದೆ ಹೋಗಿತ್ತು. ನಾಲ್ಕು ಮಾತಾಡಿದರೆ ನಿಂತು ಉಸಿರು ಎಳೆದುಕೊಳ್ಳಬೇಕು. ಅಂಥ ಮನುಷ್ಯ ಹಳೆಯ ಯಂತ್ರ ಹುಡುಕುತ್ತ ಊರೆಲ್ಲ ತಿರುಗುತ್ತಿದ್ದರು. ಮೊದಲು ಅವರಪ್ಪನ ಕಾಲದ, ಹತ್ತಿಯ ಎಳೆ ಅಳೆಯುವ ಯಂತ್ರ ಒಂದೇ ಇತ್ತು. ಆಮೇಲೆ ಯಾವುದೋ ಕಾಲೇಜು ಹೊರಗೆ ಹಾಕಿದ ಗಾಜಿನ ಪೆಟ್ಟಿಗೆಯ ತಕ್ಕಡಿ ಬಂತು, ಮಳೆ ಅಳೆಯುವ ಹಿತ್ತಾಳೆಯ ಡಬ್ಬಿ ಬಂತು, ತಂತಿ ಕಚೇರಿಯ ಕಟ್‌ಕಟ್ ಯಂತ್ರ ಬಂತು. ಖೋಲಿಯಲ್ಲಿ ಕಾಲಿಡಲು ಜಾಗ ಉಳಿಯಲಿಲ್ಲ.

ಸಾಮಾನು ಬಂದರೆ ಕೆಲಸ ಮುಗಿಯಿತು ಅನ್ನುವವರಲ್ಲ ಅವರು. ಮಾಡಿದ ಕಂಪನಿಯ ಹೆಸರು ಯಂತ್ರದ ಮೇಲೇ ಇರುತ್ತದೆ. ಜೀವಮಾನವಿಡೀ ಅದನ್ನು ಮುಟ್ಟಿ ದುಡಿದವನ ಹೆಸರು ಎಲ್ಲೂ ಇರುವುದಿಲ್ಲ. ಅದನ್ನು ಕೇಳಿಕೊಂಡು ಅವರು ಓಣಿ ಓಣಿ ಅಲೆದರು. ಹಾಗೇ ಒಂದು ದಿನ ಮಳೆ ಡಬ್ಬಿ ಹಿಡಿದು ನನ್ನ ಕಟ್ಟೆಗೆ ಬಂದರು.

“ಹನಮ್ಯಾ, ಚೀಟಿ ಬರದು ಅಂಟಿಸಿದ್ನಿ. ಗೆದ್ದಲ ತಿಂದ್ವು. ಕೊಡದ ಮ್ಯಾಲ ಹಾಕ್ತಿಯಲ್ಲ, ಹಂಗ ಇದರ ಮ್ಯಾಲ ಹೆಸರ ಹಾಕು.”

“ಯಾರ ಹೆಸರ್ರಿ ಕಾಕಾ? ನಿಮ್ಮದ?”

“ನನ್ನದ್ಯಾಕೋ? ನಾ ಏನ್ ಲಗ್ನಾ ಆಗಾಕತ್ತೇನೇನು?”

ದಿನಾ ಮುಂಜಾನೆ ಆ ಡಬ್ಬಿಯ ನೀರು ಅಳೆದು ಬರೆದಿಡುತ್ತಿದ್ದ ಒಬ್ಬ ಜವಾನನ ಹೆಸರು ಹೇಳಿದರು. ಹಾಕಿದೆ. ಅವತ್ತಿನಿಂದ ಅವರು ತಂದದ್ದಕ್ಕೆಲ್ಲ ನಾನೇ ಹೆಸರು ಹಾಕಿದೆ.

ದುರ್ಬೀನು ತರುವಾಗ ನಾನೂ ಜೊತೆಗಿದ್ದೆ. ಹೊಲದ ಗಡಿ ಅಳೆಯುವ ಮೋಜಣಿದಾರರು ಮೂರು ಕಾಲಿನ ಮೇಲೆ ನಿಲ್ಲಿಸಿ ನೋಡುತ್ತಿದ್ದ ಹಿತ್ತಾಳೆಯ ದುರ್ಬೀನು ಅದು. ಬೀರಲಿಂಗಪ್ಪ ಅನ್ನುವವನು ಆಯುಷ್ಯವೆಲ್ಲ ಅದರ ಪೆಟ್ಟಿಗೆ ಹೊತ್ತು ಸಾಹೇಬರ ಹಿಂದೆ ಎರೆಹೊಲ ತುಳಿದಿದ್ದ. ಹೆಗಲಲ್ಲಿ ಗುಣಿ ಬಿದ್ದಿತ್ತಂತೆ. ಹೊಸ ಯಂತ್ರ ಬಂದು ಕಚೇರಿಯವರು ಹಳೆಯದನ್ನು ಹರಾಜಿಗೆ ಹಾಕಿದಾಗ ತಾನೇ ಕೊಂಡುಕೊಂಡ. ಅವನು ಸತ್ತ ಮೇಲೆ ಹೆಂಡತಿ ಹುಲಿಗೆವ್ವ ಅದನ್ನು ದೇವರ ಜಗಲಿಯ ಮೇಲೆ ಇಟ್ಟುಕೊಂಡು, ಖಂಡೇನವಮಿಯ ಆಯುಧಪೂಜೆಗೆ ಕುಂಕುಮ ಏರಿಸುತ್ತಿದ್ದಳು. ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಟ್ಟು ಬದುಕುವ ಮುದುಕಿ.

“ಜಗಲಿ ಮ್ಯಾಲಿಂದ ಎಬ್ಬಿಸಿಕೊಂಡು ಹೊಕ್ಕೀರಿ?” ಅಂದಳು.

“ಗಾಜಿನ ಪೆಟಗ್ಯಾಗ ಇಡಸ್ತೇನಿ ಹುಲಿಗೆವ್ವ,” ಅಂದರು ನೀಲಕಂಠಪ್ಪನವರು. “ನಿನ್ನ ಗಂಡನ ಹೆಸರ ಸಾಲಿ ಹುಡುಗರು ನಿಂತು ಓದತಾರ.”

“ನನಗ ಓದಾಕ ಬರಂಗಿಲ್ಲಲ್ರೀ.”

“ನಿನ್ನ ಕರಕೊಂಡ ಹೋಗಿ ಓದಿ ತೋರಸೂದು ನನ್ನ ಮ್ಯಾಲ.”

ಮುದುಕಿ ನನ್ನ ಕಡೆ ತಿರುಗಿದಳು. “ಕೊರಿಯಾಂವ ನೀನೇನಪಾ? ಪೂರಾ ಹೆಸರ ಕೊರಿ. ಬದುಕಿರೋತನಕಾ ಎಲ್ಲಾರೂ ಬೀರ್ಯಾ ಬೀರ್ಯಾ ಅಂದ್ರು.”

ಆ ಮಾತಿನ ಮೇಲೆ ಕೊಟ್ಟಳು. ನಾನು ದುರ್ಬೀನಿನ ನಳಿಗೆಯ ಮೇಲೆ ‘ಬೀರಲಿಂಗಪ್ಪನವರು ಹೊತ್ತದ್ದು’ ಎಂದು ಕೊರೆದೆ. ‘ಅವರು’ ಸೇರಿಸಿದ್ದು ನಾನೇ. ಅಷ್ಟು ಚಂದ ಅಕ್ಷರ ಮತ್ತೆ ನನ್ನ ಕೈಯಿಂದ ಬಿದ್ದಿಲ್ಲ.

ಮುಂದಿನ ಮಳೆಗಾಲಕ್ಕೆ ನೀಲಕಂಠಪ್ಪನವರ ಎದೆ ಇನ್ನೂ ಕೆಟ್ಟಿತು. ಅಣ್ಣನ ಮಗ ಕುಮಾರಸ್ವಾಮಿ ಖೋಲಿ ಬಾಡಿಗೆಗೆ ಕೊಡುವ ಮಾತು ತೆಗೆದಿದ್ದ. ಸಾಮಾನಿಗೆ ಒಂದು ನೆಲೆ ಕಾಣಿಸಿಯೇ ಹೋಗಬೇಕು ಅನ್ನುವುದೊಂದೇ ಅವರ ಧ್ಯಾಸ. ರಾಯಾಪುರದ ಹತ್ತಿರ ಒಂದು ಸಂಸ್ಥೆಯವರು ಹಳೆಯ ಯಂತ್ರಗಳ ಸಂಗ್ರಹಾಲಯ ಮಾಡುತ್ತಾರೆಂದು ಗೊತ್ತಾಗಿ, ಹೇಳಿ ಕಳಿಸಿದರು. ಅಲ್ಲಿಂದ ವಾಣಿಶ್ರೀ ಅನ್ನುವ ಮೇಡಮ್ಮರು ಬಂದರು.

ದುರ್ಬೀನು ಕಂಡ ಕೂಡಲೇ ಆಕೆಯ ಮುಖ ಅರಳಿತು. ಕೂಸಿನಂತೆ ಎತ್ತಿ ಬೆಳಕಿಗೆ ಹಿಡಿದರು. ಮರುಗಳಿಗೆಯೇ ಕೆಳಗಿಟ್ಟರು.

“ಅಯ್ಯ, ಇದನ್ನ ಯಾರು ಗೀರಿದ್ದು?”

“ಗೀರಿಲ್ರೀ, ಬರದೇನಿ,” ಅಂದೆ ನಾನು.

“ಸಿಟ್ಟಾಗಬ್ಯಾಡ್ರಿ. ಹಳೇ ಸಾಮಾನು ಹೆಂಗಿತ್ತೋ ಹಂಗ ಇಡಬೇಕಾಗ್ತದ. ಈಗ ಹಾಕಿದ್ದನ್ನ ಆಗಿಂದ ಅಂತ ತಿಳಕೊಂಡ್ರ ಇತಿಹಾಸನ ತಪ್ಪತದ. ಹೆಸರು ಬೇಕಂದ್ರ ಬಾಜೂಕ ಫಲಕದ ಮ್ಯಾಲ ಬರಸಬಹುದಿತ್ತು.”

“ಫಲಕಾ ಬದಲಿ ಮಾಡತಾರವ್ವ,” ಅಂದರು ನೀಲಕಂಠಪ್ಪನವರು. “ಇವತ್ತ ನೀ ಇರತಿ. ನಾಳೆ ಬ್ಯಾರೇದವರು ಬರತಾರ.”

ಆಕೆ ಎಲ್ಲ ಸಾಮಾನೂ ತಿರುಗಿಸಿ ನೋಡಿದರು. ಎಲ್ಲದರ ಮೇಲೂ ನನ್ನ ಅಕ್ಷರ. ಕಡೆಗೆ, ಉಳಿದದ್ದು ಆಗುವುದಿಲ್ಲ, ದುರ್ಬೀನಿನ ಮೇಲಿನ ಹೆಸರು ಪಾಲಿಶ್ ಹೊಡೆದು ತೆಗೆದರೆ ಅದೊಂದಕ್ಕೆ ಮೇಲಿನವರನ್ನು ಒಪ್ಪಿಸಿ ನೋಡುತ್ತೇನೆ ಅಂದರು. “ಉಜ್ಜಿದ್ರ ಹೋಗತದೇನ್ರಿ?” ಎಂದು ನನ್ನನ್ನೇ ಕೇಳಿದರು.

“ಹೋಗತೈತಿ. ನಾ ಅಂತೂ ಉಜ್ಜಂಗಿಲ್ಲ,” ಅಂದೆ.

ಮೇಡಮ್ಮರು ಹೋದ ಮೇಲೆ ನೀಲಕಂಠಪ್ಪನವರು ದುರ್ಬೀನು ತೊಡೆಯ ಮೇಲಿಟ್ಟುಕೊಂಡರು.

“ಹೆಸರ ತಗದ್ರ ಗಾಜಿನ್ಯಾಗ ಹೋಗತೈತಿ. ಇದ್ರ ಇಲ್ಲೇ ಕೊಳೀತೈತಿ.”

“ನೀವ ಹೇಳ್ರಿ ಕಾಕಾ.”

“ಮುದುಕಿಗೆ ಹೆಸರ ತೋರಸ್ತೇನಿ ಅಂದೇನಿ ಹನಮ್ಯಾ. ಬರೇ ದುರ್ಬೀನು ತೋರಸ್ತೇನಿ ಅಂದಿಲ್ಲ.”

ಅಲ್ಲಿಗೆ ಆ ಮಾತು ಮುಗಿಯಿತು. ಆಮೇಲೆ ಎರಡು ಸಾಲೆ, ಒಂದು ಮಠ ಕೇಳಿ ನೋಡಿದರು. ಯಾರೂ ಒಲ್ಲೆ ಅನ್ನಲಿಲ್ಲ, ಯಾರೂ ಒಯ್ಯಲೂ ಇಲ್ಲ.

ಬೇಸಿಗೆಯಲ್ಲಿ ಆಸ್ಪತ್ರೆ ಸೇರಿದರು. ನೋಡಲು ಹೋದಾಗ ಮೂಗಿನ ನಳಿಗೆ ಸರಿಸಿ ಅಂದರು: “ಉಳದದ್ದು ಏನರ ಆಗಲಿ. ಹುಲಿಗೆವ್ವನ ದುರ್ಬೀನು ಹೊಳ್ಳಿ ಜಗಲಿ ಮುಟ್ಟಸು.”

“ಮುಟ್ಟಸ್ತೇನ್ರಿ,” ಅಂದೆ. ಆ ವಾರವೇ ಹೋದರು. ಅವರ ಪದ್ಧತಿಯಂತೆ ಕೂರಿಸಿ ಮಣ್ಣು ಕೊಟ್ಟು ಬಂದೆವು.

ಮರುದಿನ ದುರ್ಬೀನು ತರಲು ಹೋದರೆ ಖೋಲಿಯಲ್ಲಿ ಸುಣ್ಣ ಹೊಡೆಯುತ್ತಿದ್ದರು. ಯಂತ್ರಗಳ ಕಟ್ಟಿಗೆ, ಗಾಜು ಒಡೆದು ಮೂಲೆಗೆ ಗುಡ್ಡೆ ಹಾಕಿತ್ತು.

“ಎಲ್ಲಿ ಅದಾವಲೇ ಸಾಮಾನು?”

“ಹಿತ್ತಾಳಿ ಗುಜರಿಗೆ ಹೋತು,” ಅಂದ ಕುಮಾರಸ್ವಾಮಿ. “ನಮ್ಮ ಕಾಕಾನ ಹುಚ್ಚಿಗೆ ಎಣ್ಣಿ ಹಾಕಿದಾಂವ ನೀನ. ಇನ್ನರೆ ಬಿಡು.”

ಅವನ ಅಂಗಿ ಹಿಡಿದು ಎರಡು ಬಾರಿಸಬೇಕು ಅನ್ನಿಸಿತು. ಅದಕ್ಕೂ ಹೊತ್ತಿರಲಿಲ್ಲ. ಗುಜರಿ ನವಾಜನ ಅಂಗಡಿಗೆ ಓಡಿದೆ. ಅವನು ನನಗೆ ಹೊಸಬನಲ್ಲ. ಹಳೆಯ ಪಾತ್ರೆಗಳು ಅವನಲ್ಲಿಗೇ ಹೋಗುತ್ತವೆ.

“ಮುಂಜಾನೆ ಲಾರಿಗೆ ಹೋತ ಅಣ್ಣಾ. ಇಷ್ಟೊತ್ತಿಗೆ ಭಟ್ಟ್ಯಾಗ ಬಿದ್ದಿರತೈತಿ.”

“ಮ್ಯಾಲ ಬರದದ್ದು ಕಾಣಲಿಲ್ಲೇನು ನಿನಗ?”

“ಕಂಡ್ತು. ಅದಕ್ಕ ಲಾರಿಗೆ ಹಾಕಿದ್ನಿ,” ಅಂದ. “ಬರೇ ಇಂಗ್ರೇಜಿ ಕಂಪನಿ ಹೆಸರ ಇದ್ರ ತಗದಿಡತೇನಿ. ಹುಡುಕಿಕೊಂಡ ಬರತಾರ ಮಂದಿ. ಇವು ಎಲ್ಲಾ ತುಂಡಾಗಿ ಬಂದಿದ್ವು, ಮ್ಯಾಲ ನಮ್ಮ ಊರ ಮಂದಿ ಹೆಸರ. ಮನಿ ಪಾತ್ರಿ ಒಡದದ್ದು ಅನಕೊಂಡ್ನಿ. ಹೆಸರ ಇದ್ದ ಪಾತ್ರಿ ದಿನಾ ಕರಗಸ್ತೇವಲ್ಲ ಅಣ್ಣಾ.”

ಬೈಯಲು ಬಾಯಿ ತೆರೆದೆ. ಯಾರನ್ನು ಬೈಯಬೇಕೋ ತಿಳಿಯಲಿಲ್ಲ.

ಹುಲಿಗೆವ್ವನ ಮನೆಗೆ ಹೋಗುವುದನ್ನು ಇವತ್ತು ನಾಳೆ ಎಂದು ಮುಂದೂಡಿದೆ. ಖಂಡೇನವಮಿ ಹತ್ತಿರ ಬಂದಾಗ ಆಕೆಯೇ ರೊಟ್ಟಿ ಬುಟ್ಟಿ ಹೊತ್ತು ನನ್ನ ಕಟ್ಟೆಗೆ ಬಂದಳು.

“ನೀಲಕಂಠಪ್ಪಾರು ಹೋದರಂತಲ್ಲ ತಮ್ಮಾ. ದುರ್ಬೀನು ಗಾಜಿನ್ಯಾಗ ಇಟ್ಟಾರೇನು? ಕುಂಕುಮ ತಂದೇನಿ.”

“ಇಲ್ಲಬೇ ಯವ್ವಾ. ಅದು ಹೋತು. ಕರಗಿಸಿಬಿಟ್ರು.”

ಬುಟ್ಟಿ ಇಳಿಸಿದಳು. ಅಳಲಿಲ್ಲ.

“ಒಯ್ಯಾಕ ಇಬ್ಬರು ಬಂದಿದ್ರಿ. ಹೋತು ಅನ್ನೂದು ಕೇಳಾಕ ನಾನ ಬರಬೇಕಾತು.”

ಕಪಾಟಿನಿಂದ ಹೊಸ ಹಿತ್ತಾಳೆ ಕೊಡ ಇಳಿಸಿ ಆಕೆಯ ಮುಂದಿಟ್ಟೆ. “ಇದರ ಮ್ಯಾಲ ಪೂರಾ ಹೆಸರ ಹಾಕಿ ಕೊಡತೇನಬೇ. ಜಗಲಿ ಮ್ಯಾಲ ಇಟ್ಟಕೋ.”

“ಇದನ್ನ ಅಂವ ಹೊತ್ತಿದ್ದನೇನು?” ಅಂದಳು.

ಕುಂಕುಮದ ಪೊಟ್ಟಣ ಉಡಿಗೆ ಕಟ್ಟಿಕೊಂಡು, ಬುಟ್ಟಿ ಎತ್ತಿಕೊಂಡು ಹೋದಳು.

ಈಗಲೂ ಖಾನಾವಳಿಗೆ ರೊಟ್ಟಿ ಕೊಡಲು ನನ್ನ ಕಟ್ಟೆಯ ಮುಂದೆಯೇ ಹಾಯುತ್ತಾಳೆ. ನಿಲ್ಲುವುದಿಲ್ಲ. ನಾನು ತಲೆ ಬಗ್ಗಿಸಿ ಯಾರದೋ ಮದುವೆಯ ತಾಟಿಗೆ ಹೆಸರು ಹಾಕುತ್ತಿರುತ್ತೇನೆ. ಗಂಡನ ಹೆಸರನ್ನು ಆಕೆಗೆ ಓದಿ ತೋರಿಸುವುದು ಬಾಕಿಯೇ ಉಳಿಯಿತು.