ನೊರೆ ತೆಗೀರಿ

ಸಾಗರ ಪೇಟೆಯ ಅಂಚಿನ ಒಂದು ಚಿಕ್ಕ ಗ್ರಾಫೈಟ್ ಘಟಕದಲ್ಲಿ ನನ್ನದು ಬೂದಿ ತೂಗುವ ಕೆಲಸ. ಹೊರಗಿನಿಂದ ಲಾರಿಯಲ್ಲಿ ಬಂದ ಕಪ್ಪು ಕಲ್ಲನ್ನು ಹಿಟ್ಟಿನಂತೆ ಅರೆದು ನೀರಿನ ತೊಟ್ಟಿಗೆ ಹಾಕುತ್ತಿದ್ದರು. ಚೂರು ಎಣ್ಣೆ ಬೆರೆಸಿ ಕೆಳಗಿನಿಂದ ಗಾಳಿ ಊದಿದರೆ, ಗ್ರಾಫೈಟ್ ಗುಳ್ಳೆಗಳಿಗೆ ಅಂಟಿಕೊಂಡು ನೊರೆಯಾಗಿ ಮೇಲೇಳುತ್ತದೆ. ಮರಳು, ಮಣ್ಣು ತಳ ಸೇರುತ್ತವೆ. ಆ ನೊರೆಯನ್ನು ಬಳಿದಿಟ್ಟು, ಮತ್ತೆ ಅರೆದು, ಮತ್ತೆ ತೇಲಿಸಿ ಶುದ್ಧ ಮಾಡಬೇಕು. ಕೊನೆಗೆ ಒಂದು ಚಿಟಿಕೆಯನ್ನು ನಾನು ಕುಲುಮೆಯಲ್ಲಿ ಸುಡುತ್ತಿದ್ದೆ. ಗ್ರಾಫೈಟ್ ಉರಿದುಹೋಗಿ ಬೂದಿ ಎಷ್ಟು ಉಳಿಯಿತೋ ಕೊಳೆ ಅಷ್ಟಿದೆ ಎಂದು ಅರ್ಥ.

ತೊಟ್ಟಿಯ ಕೆಲಸಕ್ಕೆ ಹೊಸನಗರದ ಕಡೆಯವರೊಬ್ಬರು ಸೇರಿದರು. ಐವತ್ತು ದಾಟಿತ್ತು. ಅರ್ಧ ಆಯುಷ್ಯ ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡಿದವರು. ಹೊಗೆಗೆ ಕಣ್ಣು ಕೆಡುತ್ತಿದೆ, ಇನ್ನು ಒಲೆಯ ಮುಂದೆ ಕೂರಬೇಡಿ ಎಂದು ತೀರ್ಥಹಳ್ಳಿಯ ಡಾಕ್ಟರು ಖಂಡಿತವಾಗಿ ಹೇಳಿದ್ದರಂತೆ. ಈ ಕೆಲಸ ಅವರಿಗೆ ಬೇಕೇ ಬೇಕಿತ್ತು.

ಮೇಸ್ತ್ರಿ ರಜೆಯಲ್ಲಿದ್ದುದರಿಂದ ಕೆಲಸ ತೋರಿಸುವುದು ನನ್ನ ಪಾಲಿಗೆ ಬಂತು. ನನಗೋ ಸದಾ ಅವಸರ, ಜೊತೆಗೆ ಓದಿದವಳೆಂಬ ಜಂಬ ಬೇರೆ. “ನೊರೆ ತೆಗೀರಿ ಅಣ್ಣಾ, ಚೂರೂ ಬಿಡಬೇಡಿ” ಎಂದಷ್ಟೇ ಹೇಳಿ ಒಳಗೆ ಹೋದೆ.

ಅವರು ತೆಗೆದರು. ಅಷ್ಟು ನಾಜೂಕಾಗಿ ನೊರೆ ಬಳಿದದ್ದನ್ನು ನಾನು ಕಂಡಿರಲಿಲ್ಲ. ಬಳಿದದ್ದನ್ನೆಲ್ಲ ಚರಂಡಿಗೆ ಸುರಿದು, ತಳದ ಮರಳನ್ನು ಜೋಪಾನವಾಗಿ ತುಂಬಿಟ್ಟರು. ಆಲೆಮನೆಯಲ್ಲಿ ನೊರೆಯೆಂದರೆ ಕೊಳೆ, ತೆಗೆಯುವುದೆಂದರೆ ಎಸೆಯುವುದು. ಮೂರನೆಯ ದಿನ ಬೆಳಿಗ್ಗೆ ನನ್ನ ಕುಲುಮೆಯಲ್ಲಿ ಹೆಚ್ಚುಕಡಿಮೆ ಬರೀ ಬೂದಿಯೇ ಉಳಿದಾಗ ಸಂಗತಿ ಗೊತ್ತಾಯಿತು. ಅಷ್ಟರಲ್ಲಿ ಎರಡು ದಿನದ ಸರಕು ನೀರುಪಾಲಾಗಿತ್ತು.

ಮ್ಯಾನೇಜರು ಅವರನ್ನು ಅಂಗಳದಲ್ಲೇ ನಿಲ್ಲಿಸಿ ಕೇಳಿದರು. “ತೆಗೀರಿ ಅಂದ್ರು, ತೆಗ್ದೆ” ಎಂದರು ಅವರು. ಹೇಳಿದ್ದು ಯಾರು ಎಂದು ಬಾಯಿ ಬಿಡಲಿಲ್ಲ. ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೆ. ಸುತ್ತ ನಿಂತವರು ನಕ್ಕರು. ನನ್ನದೂ ಕಾಯಂ ಕೆಲಸವಲ್ಲ. ಕೈಯಲ್ಲಿದ್ದ ಬೂದಿಯ ಬಟ್ಟಲನ್ನೇ ನೋಡುತ್ತ ನಿಂತೆ. ನಾಳೆಯಿಂದ ಬರಬೇಡಿ ಎಂದು ಅವರಿಗೆ ಮಧ್ಯಾಹ್ನವೇ ಹೇಳಿಯಾಯಿತು.

ನನಗೆ ನಾಚಿಕೆಯಾಗಿತ್ತು. ಆದರೂ ಹೋಗಿ ಹೇಳಲು ಮುಂದಿನ ಚಳಿಗಾಲದವರೆಗೆ ಧೈರ್ಯ ಬರಲಿಲ್ಲ. ಹೊಸನಗರದ ದಾರಿಯ ಆಲೆಮನೆಯೊಂದರಲ್ಲಿ ಅವರು ಮತ್ತೆ ಕೊಪ್ಪರಿಗೆಯ ಮುಂದೆ ಕೂತಿದ್ದರು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ತಪ್ಪು ನನ್ನದು, ಸರಿಯಾಗಿ ಹೇಳಲಿಲ್ಲ, ಆಮೇಲೆ ಒಪ್ಪಿಕೊಳ್ಳಲೂ ಇಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ.

ಅವರು ಸೌಟಿನ ನೊರೆಯನ್ನು ಪಕ್ಕದ ಗುಂಡಿಗೆ ಚೆಲ್ಲಿ, ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡರು.

“ಗೊತ್ತು ಮೇಡಂ. ಅವತ್ತು ನೀವು ಹೇಳ್ತೀರೇನೋ ಅಂತ ಗೇಟಿನ ಹತ್ರ ಸ್ವಲ್ಪ ಹೊತ್ತು ನಿಂತಿದ್ದೆ.”