ಚಾಲ್ಶೆ ಎಂಬ ಮಾತು ಮತ್ತು ಅಕ್ಕನ ಕೆಂಪು ಕಾರು

ನಮ್ಮ ಸ್ನೇಹ ಆರಂಭವಾದದ್ದು ಒಂದು ದೂರಿನಿಂದ. ಅಹಮದಾಬಾದಿನ ಮಣಿನಗರದಲ್ಲಿ, ರೈಲು ನಿಲ್ದಾಣದ ಸಮೀಪ, ಕರಾವಳಿಯ ಕುಟುಂಬವೊಂದು ನಡೆಸುವ ಉಡುಪಿ ಹೋಟೆಲಿದೆ. ಅದರ ಮುಂದಿನ ಫುಟ್‌ಪಾತಿನ ಮೇಲೆ ಟಾರ್ಪಾಲು ಹೊದ್ದ ಕಾರೊಂದು ಬಹಳ ದಿನಗಳಿಂದ ನಿಂತಿತ್ತು. ಶಾಲೆಗೆ ಹೋಗುವ ಮಕ್ಕಳೂ ಕೋಲೂರಿ ನಡೆಯುವ ಹಿರಿಯರೂ ಅದನ್ನು ಬಳಸಿಕೊಂಡು ರಸ್ತೆಗಿಳಿಯಬೇಕಿತ್ತು. ಫುಟ್‌ಪಾತ್ ಎಂಬುದು ನಗರವು ತನ್ನ ಅತ್ಯಂತ ದುರ್ಬಲ ಪ್ರಜೆಗೆ ಕೊಟ್ಟ ಮಾತು. ಅದನ್ನು ಆಕ್ರಮಿಸುವುದು ಸಣ್ಣ ತಪ್ಪಲ್ಲವೆಂದು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ವಸ್ತ್ರಾಪುರದ ಬಾಡಿಗೆ ಮನೆಯಿಂದ ಭಾನುವಾರದ ದೋಸೆಗೆಂದೇ ಅಷ್ಟು ದೂರ ಬರುತ್ತಿದ್ದ ನಾನು, ಒಂದು ಬೆಳಿಗ್ಗೆ ಗಲ್ಲಾದ ಮುಂದೆ ನಿಂತು ಇದಿಷ್ಟನ್ನೂ ಹೇಳಿದೆ.

ಗಲ್ಲಾದಲ್ಲಿ ಕೂತಿದ್ದವರು ಹೋಟೆಲಿನ ಒಡತಿ, ಐವತ್ತು ದಾಟಿದ ಹೆಂಗಸು, ಗಿರಾಕಿಗಳಿಗೆಲ್ಲ ಅಕ್ಕ. ಅವರು ನನ್ನ ಮಾತನ್ನು ಕೊನೆಯವರೆಗೂ ಕೇಳಿದರು.

“ನೀನು ಹೇಳುದು ಸರಿ ಉಂಟು. ಈಗ ನೂಕ್ಲಿಕ್ಕೆ ಒಂದು ಕೈ ಕೊಡ್ತೀಯಾ, ಇಲ್ಲ ಭಾಷಣ ಮಾತ್ರವಾ?”

ನೂಕಿದೆ. ಹೋಟೆಲಿನ ಪಕ್ಕದ ಓಣಿಯಿಂದ ಹಿತ್ತಲಿಗೆ ತಿರುಗಿಸುವಾಗ ಟಾರ್ಪಾಲು ಜಾರಿತು. ಒಳಗಿನಿಂದ ಕೆಂಪು ಬಣ್ಣ ಹೊರಬಂತು. ತೊಂಬತ್ತರ ದಶಕದ ಕೊನೆಗೆ ನಮ್ಮ ರಸ್ತೆಗಳಿಗೆ ಬಂದು, ಎಂಜಿನ್ನಿನ ಒಂದೇ ಕಾರಣಕ್ಕೆ ಹೆಸರಾಗಿದ್ದ ಸೆಡಾನ್ ಅದು. ಸೂರತ್ತಿನ ಜವಳಿ ವ್ಯಾಪಾರಿಯೊಬ್ಬರು ಮಾರಲು ಹೊರಟಿದ್ದನ್ನು ಅಕ್ಕ ತಮ್ಮದೇ ಹೆಸರಿನಲ್ಲಿ ಕೊಂಡಿದ್ದರು. ಅವರ ಯಜಮಾನರಿಗೆ ಸ್ಕೂಟರೇ ಸಾಕಾಗಿತ್ತು. ಕ್ಲಚ್ ಕೈಕೊಟ್ಟು ನಿಂತದ್ದನ್ನು ರಿಪೇರಿ ಮಾಡಿಸಲು ಬಿಡುವಾಗಿರಲಿಲ್ಲ. ಕೈಗೆ ಹತ್ತಿದ ಧೂಳನ್ನು ಒರೆಸಿಕೊಳ್ಳುತ್ತಾ ನಾನು ಬಾನೆಟ್ ತೆರೆದು ತೋರಿಸುವಿರಾ ಎಂದು ಕೇಳಿದೆ. ಅಲ್ಲಿಗೆ ನನ್ನ ಭಾನುವಾರಗಳ ಹಣೆಬರಹ ತೀರ್ಮಾನವಾಯಿತು.

ಊಟದ ಹೊತ್ತು ಮುಗಿದು ಹೋಟೆಲು ತಣ್ಣಗಾದ ಮೇಲೆ ನಮ್ಮ ಕೆಲಸ ಶುರು. ವರ್ಷಗಟ್ಟಲೆ ಹಿಟ್ಟಿನ ಗ್ರೈಂಡರನ್ನು ತಾವೇ ಬಿಚ್ಚಿ ಕೂಡಿಸಿದ್ದ ಅಕ್ಕನಿಗೆ ಸದ್ದಿನಲ್ಲೇ ಎಲ್ಲವೂ ತಿಳಿಯುತ್ತಿತ್ತು. ಎಂಜಿನ್ ಓಡುವಾಗ ಅವರು ಕಣ್ಣು ಮುಚ್ಚಿ, ಬೆಲ್ಟು ಸಡಿಲವೆಂದೋ ಪ್ಲಗ್ ಒಂದು ಸೋಮಾರಿಯೆಂದೋ ಹೇಳುವರು. ನಾನು ಕೈಪಿಡಿ ಓದಿ ತಾಳೆ ನೋಡುವೆ. ಇಬ್ಬರೂ ಸೇರಿ ಕ್ಲಚ್ ಬದಲಿಸಿದೆವು. ರೇಡಿಯೇಟರಿನ ಕೊಳೆ ತೆಗೆದೆವು. ಒಮ್ಮೆ ಎಂಜಿನ್ನಿನಡಿಯ ಎಣ್ಣೆ ನನ್ನ ಹಣೆಯ ಮೇಲೆ ಸುರಿದಾಗ, ಮಂಗಳಸ್ನಾನ ಆಯ್ತಲ್ಲ, ಇನ್ನು ಮದುವೆಯೊಂದು ಬಾಕಿ ಎಂದು ಅಕ್ಕ ಹೋಟೆಲಿನವರನ್ನೆಲ್ಲ ಕರೆದು ತೋರಿಸಿದರು. ಬರಿಯ ಸಂತೋಷಕ್ಕಾಗಿ ಪೆಟ್ರೋಲು ಸುಡುವುದು ಸಮರ್ಥನೀಯವಲ್ಲ. ಈ ಮಾತನ್ನು ನಾನು ಅಕ್ಕನಿಗೂ ಹೇಳಿದ್ದೆ. ವಾರವಿಡೀ ನಾನು ಬಸ್ಸಿನಲ್ಲಿ ಓಡಾಡುವುದರಿಂದ ಆ ತಪ್ಪು ತೀರುವುದಿಲ್ಲ. ಆದರೂ ಆ ಎಂಜಿನ್ ಮೊದಲ ಸಲ ತಡವರಿಸದೆ ಶುರುವಾದ ಮಧ್ಯಾಹ್ನ ನಾವಿಬ್ಬರೂ ಕೈ ಹಿಡಿದುಕೊಂಡು ನಕ್ಕದ್ದು ನಿಜ.

ಹೊಗೆ ತಪಾಸಣೆಗೆ ಹೋದಾಗ ಮಾತ್ರ ನನಗೆ ಸಿಟ್ಟು ಬಂತು. ಪೆಟ್ರೋಲ್ ಬಂಕಿನ ಮೂಲೆಯಲ್ಲಿದ್ದವರು ಸೈಲೆನ್ಸರಿಗೆ ನಳಿಕೆಯನ್ನು ತೂರಿಸದೆಯೇ ಪ್ರಮಾಣಪತ್ರ ಕೊಡಲು ಬಂದರು. ಪರೀಕ್ಷೆ ಮಾಡಿ ಎಂದೆ. “ಚಾಲ್ಶೆ, ಬೆನ್,” ಎಂದರು, ಸೋದರಿ ಎನ್ನುವ ಮರ್ಯಾದೆಯನ್ನೂ ಸೇರಿಸಿ.

ಗುಜರಾತಿನಲ್ಲಿ ನಾನು ಅತಿ ಹೆಚ್ಚು ಜಗಳವಾಡಿದ್ದು ಈ ಒಂದು ಮಾತಿನೊಡನೆ. ಚಾಲ್ಶೆ ಎಂದರೆ ನಡೆಯುತ್ತದೆ. ಕಾಲಿನಿಂದ ನಡೆಯುವುದಕ್ಕೂ ಅದೇ, ಹೇಗೋ ಸಾಗಿಹೋಗುವುದಕ್ಕೂ ಅದೇ. ಕನ್ನಡದಲ್ಲಿ ನಾವು “ನಡೆಯುತ್ತೆ ಬಿಡಿ” ಎನ್ನುವುದೂ ಇದನ್ನೇ, ಆದ್ದರಿಂದ ದೂರು ಗುಜರಾತಿಗಳ ಮೇಲಷ್ಟೇ ಅಲ್ಲ. ಮುಚ್ಚಳವಿಲ್ಲದ ಮ್ಯಾನ್‌ಹೋಲು ನಡೆಯುತ್ತದೆ. ಮನೆಗೆಲಸದವರಿಗೆ ಬೇರೆ ಲೋಟ ನಡೆಯುತ್ತದೆ. ಬಾಡಿಗೆ ಕೇಳಿಕೊಂಡು ಬಂದವರ ಜಾತಿ ವಿಚಾರಿಸುವುದೂ ನಡೆಯುತ್ತದೆ. ಅನ್ಯಾಯಗಳು ಹೀಗೆ ಯಾರೂ ಕೂಗಾಡದೆ, ಒಂದು ಮೃದುವಾದ ಕ್ರಿಯಾಪದದ ಮೇಲೆ ಸವಾರಿ ಮಾಡುತ್ತವೆ. ಅಂದು ನಳಿಕೆ ತೂರಿಸಿಯೇ ಪರೀಕ್ಷೆಯಾಯಿತು. ಕಾರು ಪಾಸಾಯಿತು. ಅಕ್ಕ ಮನೆಯವರೆಗೂ ಹಾರ್ನ್ ಬಾರಿಸಿದರು. ಅದು ತಪ್ಪೆಂದು ಹೇಳಿದೆ, ಅವರು ಕೇಳಲಿಲ್ಲ.

ಅಕ್ಕನಿಗೆ ಒಂದೇ ಆಸೆಯಿತ್ತು. ಹೆದ್ದಾರಿಯಲ್ಲಿ ಆ ವೇಗ ಅಪರಾಧ, ಊರೊಳಗೆ ಅಸಾಧ್ಯ. ಹಾಗಾಗಿ ಒಮ್ಮೆ ಟ್ರ್ಯಾಕಿನಲ್ಲಿ, ಎದುರಿಗೆ ಯಾರೂ ಬಾರದ ಕಡೆ, ಆ ಎಂಜಿನ್ನಿಗೆ ಶಕ್ತಿಯಿರುವಷ್ಟೂ ಓಡಿಸಬೇಕು. ವಡೋದರಾ ದಾಟಿ ಸೂರತ್ತಿನ ಕಡೆಗೆ ಅಂಥ ಒಂದು ಖಾಸಗಿ ಟ್ರ್ಯಾಕಿತ್ತು. ಹಿಂದೆ ಅದು ಹಳ್ಳಿಯ ಗೋಮಾಳ. ಕಾರ್ಖಾನೆಗೆಂದು ಸಮತಟ್ಟು ಮಾಡಿದರು. ಕಾರ್ಖಾನೆ ಬರಲಿಲ್ಲ, ನೆಲ ದನಗಳಿಗೂ ಮರಳಲಿಲ್ಲ. ಇದನ್ನು ಹೇಳದೆ ಅಲ್ಲಿನ ಸಂತೋಷವನ್ನು ಬರೆಯಲಾರೆ. ಹಳೆಯ ಕಾರಿನವರ ಕೂಟ ಅಲ್ಲಿ ಸೇರುತ್ತದೆಂದು ತಿಳಿದು, ಒಂದು ಭಾನುವಾರ ಹೋಟೆಲನ್ನು ಯಜಮಾನರಿಗೊಪ್ಪಿಸಿ ನಸುಕಿನಲ್ಲೇ ಹೊರಟೆವು.

ಗೇಟಿನಲ್ಲೇ ತಡೆ. ಆಯೋಜಕರು ಸೂರತ್ತಿನವರು, ನಗುಮುಖದ ದೊಡ್ಡ ಮನುಷ್ಯ. ಅಕ್ಕನ ಕಾರಿಗೆ ಅವರು ಗುಲಾಬಿ ರಿಬ್ಬನ್ ಕಟ್ಟಲು ಹೇಳಿದರು. ಹೆಂಗಸರಿಗೆ ಬೇರೆಯೇ ಸುತ್ತು, ಮುಂದೊಂದು ಜೀಪು ನಿಧಾನವಾಗಿ ಹೋಗುತ್ತದೆ, ಯಾರೂ ಅದನ್ನು ದಾಟುವಂತಿಲ್ಲ. ಎಲ್ಲರಿಗೂ ತೆರೆದ ಸುತ್ತಿನಲ್ಲಿ ಅಕ್ಕನಿಗೇಕೆ ಅವಕಾಶವಿಲ್ಲವೆಂದು ಕೇಳಿದೆ. ಸುರಕ್ಷತೆಗಾಗಿ ಎಂದರು. ತನ್ನನ್ನು ಹಿಡಿದ ಕೈ ಗಂಡಿನದೋ ಹೆಣ್ಣಿನದೋ ಎಂದು ಸ್ಟಿಯರಿಂಗಿಗೆ ಹೇಗೆ ತಿಳಿಯುತ್ತದೆಂದು ನಾನು ವಾದಿಸಿದೆ. ಸೋತೆ.

“ಸುಮ್ಮನಿರು ಮಾರಾಯ್ತಿ,” ಎಂದರು ಅಕ್ಕ. “ಹೆಚ್ಚು ಮಾತಾಡಿದ್ರೆ ಜೀಪಿನ ಹಿಂದೆಯೂ ಬಿಡ್ಲಿಕ್ಕಿಲ್ಲ.” ರಿಬ್ಬನ್ನನ್ನು ಮಡಚಿ ಸೀಟಿನ ಕೆಳಗೆ ತುರುಕಿದರು. ಅವರ ಮುಖ ಸಣ್ಣದಾದದ್ದನ್ನು ನಾನು ಕಂಡೆ.

ಮುಂದಿನದು ವಾಹನ ತಪಾಸಣೆ. ಅಲ್ಲಿದ್ದ ಎಂಜಿನಿಯರ್ ಪ್ರತಿ ಕಾರಿನ ಬ್ರೇಕನ್ನೂ ಒಮ್ಮೆ ಒತ್ತಿ, “ಚಾಲ್ಶೆ” ಎಂದು ಮುಂದೆ ಕಳಿಸುತ್ತಿದ್ದರು. ಸುರಕ್ಷತೆಯ ಹೆಸರಿನಲ್ಲಿ ಹೆಂಗಸರನ್ನು ಜೀಪಿನ ಹಿಂದೆ ನಿಲ್ಲಿಸುವವರು ಬ್ರೇಕನ್ನು ಹೀಗೆ ನೋಡುವುದೆ? ಚಕ್ರ ಬಿಚ್ಚಿ ನೋಡಿ, ಇಲ್ಲವೇ ಯಾರನ್ನೂ ಬಿಡಬೇಡಿ ಎಂದು ನಾನು ಅಡ್ಡ ನಿಂತೆ. ಹಿಂದಿನ ಸಾಲಿನವರು ಹಾರ್ನ್ ಮಾಡಿದರು. ಆಯೋಜಕರು ಬಂದು ಕೈಮುಗಿದು, ಆಗಲಿ ಬೆನ್, ನಿಮ್ಮ ಕಾರಿನಿಂದಲೇ ಪ್ರಾರಂಭಿಸೋಣ ಎಂದರು.

ಮುಂದಿನ ಬಲ ಚಕ್ರ ಬಿಚ್ಚಿದರು. ಅಕ್ಕ ಒಳಗಿನಿಂದ ಪೆಡಲ್ ಒತ್ತಿದಾಗ ಬ್ರೇಕಿನ ರಬ್ಬರ್ ಹೋಸು ಒಂದು ಕಡೆ ಗುಳ್ಳೆಯಂತೆ ಉಬ್ಬಿತು. ಎಲ್ಲವನ್ನೂ ಬದಲಿಸಿದ್ದ ನಾವು ಅದನ್ನು ಒರೆಸಿ ಬಿಟ್ಟಿದ್ದೆವು. ಕಾರು ನಪಾಸಾಯಿತು.

“ಲೋಕದ ನ್ಯಾಯ ಎಲ್ಲ ಆಯ್ತಲ್ಲ?” ಅಕ್ಕ ಕೆಳಗಿಳಿದು ಸೊಂಟಕ್ಕೆ ಕೈಯಿಟ್ಟರು. “ಇನ್ನು ಹೋಸ್ ಎಲ್ಲಿಂದ ತರುದು, ನಿನ್ನ ತಲೆಯಿಂದವಾ?”

ಆದರೆ ಬೈಯುತ್ತಲೇ ಫೋನು ತೆಗೆದಿದ್ದರು. ಗುಜರಾತಿನ ಯಾವ ಊರಿನಲ್ಲಿ ಯಾರ ಸಾಂಬಾರು ಕುದಿಯುತ್ತದೆಂಬುದು ಕರಾವಳಿಯ ಹೋಟೆಲಿನವರಿಗೆ ಬಾಯಿಪಾಠ. ವಡೋದರಾದಲ್ಲಿ ಅವರ ತಮ್ಮನ, ಅಂದರೆ ಚಿಕ್ಕಪ್ಪನ ಮಗನ, ಹೋಟೆಲಿತ್ತು. ಅಲ್ಲಿ ದಿನವೂ ಇಡ್ಲಿ ತಿನ್ನುವವರಲ್ಲಿ ಬಿಡಿಭಾಗದ ಅಂಗಡಿಯವರೊಬ್ಬರಿದ್ದರು. ಭಾನುವಾರವಾದರೂ ಅವರು ಶಟರ್ ಎತ್ತಿದರು. ಬಿಸಿಲು ಏರುವಷ್ಟರಲ್ಲಿ ಅಕ್ಕನ ತಮ್ಮ ಸ್ಕೂಟರಿನಲ್ಲಿ ಬಂದಿಳಿದ. ಒಂದು ಕೈಯಲ್ಲಿ ಹೋಸು, ಒಂದು ಡಬ್ಬಿ ಬ್ರೇಕ್ ಎಣ್ಣೆ. ಇನ್ನೊಂದು ಕೈಯಲ್ಲಿ ಇಡ್ಲಿಯ ಪಾರ್ಸಲ್ಲು. ಅಕ್ಕ ಹೇಳದಿದ್ದರೂ ಅದು ಬರುವುದೇ.

ಅಷ್ಟರಲ್ಲಿ ತಪಾಸಣೆಯ ಸಾಲಿನ ತುಂಬ ಜಾಕಿನ ಮೇಲೆ ಕಾರುಗಳು. ಒಂದರ ಬ್ರೇಕ್ ಪ್ಯಾಡ್ ಸವೆದಿತ್ತು, ಇನ್ನೊಂದರ ಚಕ್ರ ಅಲುಗಾಡುತ್ತಿತ್ತು. ಹಾರ್ನ್ ಮಾಡಿದವರೇ ಈಗ ಸ್ಪ್ಯಾನರ್ ಕೇಳಿಕೊಂಡು ಬರುತ್ತಿದ್ದರು. ನಾನು ಕಾರಿನಡಿ ಮಲಗಿ ಹೋಸು ಕೂಡಿಸಿದೆ. ಬಳಿಕ ಬ್ರೇಕ್ ಎಣ್ಣೆಯಲ್ಲಿ ಸೇರಿದ ಗಾಳಿ ತೆಗೆಯುವ ಕೆಲಸ: ಅಕ್ಕ ಪೆಡಲ್ ಒತ್ತಿ ಹಿಡಿಯುವುದು, ನಾನು ತಿರುಪು ಸಡಿಲಿಸಿ ಗುಳ್ಳೆ ಬಿಡುವುದು, ಮತ್ತೆ ಬಿಗಿಯುವುದು. ನಾವು ಅದರಲ್ಲಿರುವಾಗಲೇ ಅತ್ತ ಬಲೂನು ಕಟ್ಟಿದ ಜೀಪು ಮೂರು ಕಾರುಗಳನ್ನು ಹಿಂದಿಟ್ಟುಕೊಂಡು, ಮೆರವಣಿಗೆಯಂತೆ ಸುತ್ತು ಹಾಕಿ ಒಳಗೆ ಬಂತು. ಹೆಂಗಸರ ಸುತ್ತು ಮುಗಿದಿತ್ತು.

ಉಳಿದದ್ದು ತೆರೆದ ಸುತ್ತೊಂದೇ.

ಎಂಜಿನಿಯರ್ ಈ ಸಲ ಚಕ್ರಗಳನ್ನೆಲ್ಲ ಬಿಚ್ಚಿ, ಬೆರಳಾಡಿಸಿ ನೋಡಿ, ತಲೆಯಾಡಿಸಿದರು. ಅಕ್ಕ ತುರುಬು ಬಿಚ್ಚಿ ಜಡೆ ಹೆಣೆದು, ಹೆಲ್ಮೆಟ್ ಹಾಕಿಕೊಂಡು ಸ್ಟಿಯರಿಂಗಿನ ಹಿಂದೆ ಕೂತರು. ಆಯೋಜಕರು ಟ್ರ್ಯಾಕನ್ನು ನೋಡಿದರು, ನೆಲದ ಮೇಲಿದ್ದ ಉಬ್ಬಿದ ಹೋಸನ್ನು ನೋಡಿದರು, ಕೊನೆಗೆ ತಮ್ಮ ಕೈಯಲ್ಲಿದ್ದ ನಮ್ಮ ಇಡ್ಲಿಯನ್ನು ನೋಡಿದರು. ನಾನು ಮಾತನ್ನೆಲ್ಲ ಸಿದ್ಧಮಾಡಿಕೊಂಡಿದ್ದೆ, ಬೇಕಾಗಲಿಲ್ಲ.

“ಸರಿ ಬೆನ್,” ಎಂದು ಅವರು ದಾರಿ ಬಿಟ್ಟರು. “ಚಾಲ್ಶೆ.”

ಅಕ್ಕ ಕಿಟಕಿಯಿಂದ ತಲೆ ಹೊರಹಾಕಿದರು. “ಚಾಲ್ಶೆ ನಹೀಂ, ಭಾಯ್. ದೋಡ್ಶೆ.”

ನಡೆಯುವುದಲ್ಲ, ಓಡುತ್ತದೆ. ಗೇಟಿನ ಬಳಿಯಿದ್ದವರೆಲ್ಲ ನಕ್ಕರು, ಆಯೋಜಕರು ಎಲ್ಲರಿಗಿಂತ ಜೋರಾಗಿ. ಕಾರು ಹೋಯಿತು. ನೇರ ದಾರಿಯಲ್ಲಿ ಎಂಜಿನ್ನಿನ ಸ್ವರ ಏರಿತು, ಏರಿತು, ಇನ್ನು ಸಾಕೆನ್ನುವಲ್ಲಿ ಮತ್ತೂ ಒಂದು ಮೆಟ್ಟಿಲು ಏರಿತು. ನಮ್ಮ ಹಿತ್ತಲಿನಲ್ಲಿ ನಾವೆಂದೂ ಕೇಳಿರದ ಸ್ವರ ಅದು. ಟೈರು ಪೇರಿಸಿದ ಗೋಡೆಯ ಹಿಂದೆ ನಾನೂ ಅಕ್ಕನ ತಮ್ಮನೂ ಭುಜ ಹಿಡಿದುಕೊಂಡು ಕುಣಿದೆವು. ಸೂರತ್ತಿನ ಎರಡು ಕಾರುಗಳನ್ನು ದಾಟಿ ಆ ಕೆಂಪು ತಿರುವಿನೊಳಗೆ ಮರೆಯಾಯಿತು.

ಅಕ್ಕ ಮರಳಿ ಬಂದಾಗ ಹಣೆಗೂದಲು ಬೆವರಿಗೆ ಅಂಟಿತ್ತು. ಬಾಯ್ತುಂಬ ನಗು. ಹೊಸ ಹೋಸು ಹೇಗಿತ್ತು, ಬ್ರೇಕು ಹಿಡಿಯಿತೇ ಎಂದು ಓಡಿಹೋಗಿ ಕೇಳಿದೆ.

“ಬ್ರೇಕಾ?” ಅವರು ಹೆಲ್ಮೆಟ್ಟನ್ನು ನನ್ನ ಕೈಗಿತ್ತರು. “ನಾನು ಅದನ್ನು ಮುಟ್ಲೇ ಇಲ್ಲ ಮಾರಾಯ್ತಿ.”

ಅಪ್ಪಟ ಸುಳ್ಳು. ಪ್ರತಿ ತಿರುವಿಗೆ ಮುನ್ನವೂ ಹಿಂದಿನ ಕೆಂಪು ದೀಪಗಳು ಹೊತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ತಪ್ಪು ಕಂಡಲ್ಲಿ ಹೇಳದೆ ಬಿಡದ ನಾನು ಅದೊಂದನ್ನು ಹೇಳಲಿಲ್ಲ. ತಣ್ಣಗಾದ ಇಡ್ಲಿಯನ್ನು ಬಿಸಿ ಬಾನೆಟ್ಟಿನ ಮೇಲಿಟ್ಟು ಊಟಕ್ಕೆ ಕರೆದೆ.