ಎದುರು ಮನೆಯವರ ಕೊಬ್ಬರಿ

ಹೋದ ವರ್ಷ ನಮ್ಮತ್ತೆಯ ಹೆಸರಿಗೆ ಆದಾಯ ತೆರಿಗೆಯವರ ನೋಟಿಸು ಬಂತು. ಕೊಬ್ಬರಿ ಕೊಂಡ ತಿಪಟೂರಿನ ವರ್ತಕರು ತಮ್ಮ ಲೆಕ್ಕ ಒಪ್ಪಿಸಿದ್ದಾರೆ, ಅಷ್ಟು ದುಡ್ಡು ನಿಮಗೆ ಬಂದಿದೆ, ನೀವೇಕೆ ತೋರಿಸಿಲ್ಲ ಎಂಬುದು ಅದರ ಸಾರ. ನಾನು ಓದಿ ಹೇಳಿದ್ದೇ ತಡ, ಅತ್ತೆ ಒಲೆ ಮುಂದಿನಿಂದ ಎದ್ದು ಬಂದರು.

"ನಾನೇನು ಕಳ್ಳಿಯೇನೇ?"

ಕಳ್ಳಿಯಲ್ಲ, ಆದರೆ ಆ ದುಡ್ಡೆಲ್ಲ ಅವರದೂ ಅಲ್ಲ. ಒಂದೆರಡು ಮೂಟೆ ಒಯ್ದರೆ ಮಾರುಕಟ್ಟೆಯಲ್ಲಿ ಯಾರೂ ಮೂಸಿ ನೋಡುವುದಿಲ್ಲ. ಅದಕ್ಕೇ ನಮ್ಮ ಬೀದಿಯವರ ಅಟ್ಟದ ಕೊಬ್ಬರಿಯೆಲ್ಲ ಒಂದೇ ಟೆಂಪೋದಲ್ಲಿ, ಅತ್ತೆಯ ಹೆಸರಲ್ಲಿ ಹೋಗುತ್ತದೆ. ದುಡ್ಡು ಅವರ ಖಾತೆಗೆ ಬಂದು ಮನೆಮನೆಗೆ ಹಂಚಿಹೋಗುತ್ತದೆ.

"ತೋಟದ ಆದಾಯಕ್ಕೆ ತೆರಿಗೆ ಇಲ್ಲಮ್ಮ," ಎಂದರು ತುರುವೇಕೆರೆಯ ಆಡಿಟರು. "ಆದ್ರೆ ನಿಮ್ಮ ಪಹಣಿಲಿರೋ ತೋಟದಲ್ಲಿ ಇಷ್ಟೊಂದು ಹೆಂಗೆ ಬೆಳೀತು ಅಂತ ಕೇಳ್ತಾರೆ. ಕೊಬ್ಬರಿ ಕೊಟ್ಟೋರೆಲ್ಲ ಪಹಣಿ ತಂದು, ಇಷ್ಟು ನಮ್ದು ಅಂತ ಬರ್ಕೊಡ್ಲಿ."

ಬೀದಿಯವರೆಲ್ಲ ಒಪ್ಪಿದರು. ಉಳಿದದ್ದು ಎದುರು ಮನೆಯಾಕೆ. ಹೆಚ್ಚು ಮೂಟೆ ಅವರದೇ. ಟೆಂಪೋ ಹೋದ ಮೇಲೆ ಬೇಲಿ ವಿಷಯಕ್ಕೆ ಜಗಳವಾಗಿ ಅತ್ತೆಯೂ ಆಕೆಯೂ ಮಾತು ಬಿಟ್ಟಿದ್ದರು.

"ಅವ್ಳ ಬಾಗ್ಲಿಗೆ ನಾನು ಹೋಗಾಕಿಲ್ಲ. ತೆರಿಗೆ ಕಟ್ಟಿದ್ರಾಯ್ತು ಬುಡು," ಎಂದರು ಅತ್ತೆ.

ನನಗೆ ಸಿಟ್ಟು ನೆತ್ತಿಗೇರಿತು. ಇವರ ಬಿಂಕಕ್ಕೆ ಮನೆಯವರೆಲ್ಲ ದಂಡ ತೆರಬೇಕೇ? ನಾನೇ ಹೋಗಿ ವಿಷಯ ಹೇಳಿದೆ. ಆಕೆ ಕೇಳಿಸಿಕೊಂಡು ಮತ್ತೆ ಅಂಗಳ ಗುಡಿಸತೊಡಗಿದರು. ನಾನು ಬಂದ ದಾರಿಗೆ ಸುಂಕವಿಲ್ಲ ಎಂದುಕೊಂಡು ವಾಪಸಾದೆ.

ಆಡಿಟರ ಕಚೇರಿಯಲ್ಲಿ ಎಲ್ಲರೂ ಬರೆದುಕೊಟ್ಟಾಗಿತ್ತು. ಅಷ್ಟರಲ್ಲಿ ಆಕೆ ಪಹಣಿ ಹಿಡಿದು ಒಳಗೆ ನುಗ್ಗಿದರು.

"ನನ್ನ ಕೊಬ್ಬರೀನ ಇವ್ಳದು ಅಂತ ಸರ್ಕಾರದೋರು ಬರ್ಕೊಂಡವ್ರಂತೆ! ಮೊದ್ಲು ಅಳಿಸ್ರೀ! ಅಂಥ ಕೊಬ್ಬರಿ ಇವ್ಳ ತೋಟದಲ್ಲಿ ಯಾವತ್ತಾದ್ರೂ ಆಗೈತಾ?"

"ನಿನ್ನವು ಹಸಿ ಕಣೇ! ಅಲ್ಲಾಡ್ಸಿದ್ರೆ ಕಾಯೊಳಗೆ ಗಿಟುಕು ಸದ್ದೇ ಮಾಡ್ತಿರ್ಲಿಲ್ಲ," ಎಂದರು ಅತ್ತೆ.

"ಹಸಿನಾ? ವರ್ಷ ತುಂಬ ಅಟ್ಟದ ಮೇಲೆ ಒಣಗಿಸಿದ್ದು!"

ಆಡಿಟರು ನಗು ತಡೆದುಕೊಂಡು ಎದುರು ಮನೆಯಾಕೆಯತ್ತ ಕಾಗದ ಸರಿಸಿ, "ಕೊಬ್ಬರಿ ನಿಂದು ಅಂತ ಇಬ್ರೂ ಒಪ್ಕೊಂಡ್ರಲ್ಲ, ಇಲ್ಲಿ ರುಜು ಹಾಕಮ್ಮ," ಎಂದರು. ನನಗಂತೂ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು.

ಮುಂದೆ ಇಲಾಖೆಯವರು ಉತ್ತರ ಒಪ್ಪಿಕೊಂಡರು. ಅಂದು ಅದು ನಮಗೇನು ಗೊತ್ತು? ಹಿಂತಿರುಗುವ ಬಸ್ಸು ತುಂಬಿತ್ತು. ಅತ್ತೆಗೆ ಹೇಗೋ ಜಾಗ ಸಿಕ್ಕಿತು. ಎದುರು ಮನೆಯಾಕೆ ಕಂಬ ಹಿಡಿದು ನಿಂತು ಇನ್ನೂ ವಾದಿಸುತ್ತಲೇ ಇದ್ದರು. ಅತ್ತೆ ಕಿಟಕಿಗೆ ಒತ್ತಿಕೊಂಡು, ಸೆರಗು ಎಳೆದು ಪಕ್ಕದಲ್ಲಿ ಜಾಗ ಮಾಡಿದರು.

"ಕಾಲು ನೋಯ್ತದೆ, ಬಾರೇ. ಕೂತ್ಕೊಂಡು ಜಗಳ ಆಡು."